ಕಣದ ಕಂಬ ಮತ್ತು ಎರಡು ಅಳತೆಯ ಚಂದ್ರ

ಅನಂತ ಆಕಾಶದತ್ತ ಕಣ್ಣೆತ್ತಿದ ಮನುಷ್ಯನಿಗೆ ಮೊದಲು ಅರಿವಾಗುವುದು ತನ್ನ ಅಲ್ಪತನ ಎಂದು ತಿಳಿದವರು ಹೇಳುತ್ತಾರೆ. ನನಗೆ ಮೊದಲು ಅರಿವಾದದ್ದು, ಕಾಫಿ ಒಣಗಿಸುವ ಕಣದ ನಟ್ಟನಡುವೆ ಸಿಮೆಂಟಿನ ಕಂಬ ಕಟ್ಟಬಾರದು ಎಂಬುದು. ಅಲ್ಪತನದ ವಿಷಯ ಆಮೇಲೆ ಬಂತು. ಅದನ್ನು ತಿಳಿಸಿಕೊಟ್ಟದ್ದೂ ಆಕಾಶವಲ್ಲ, ಹೆಂಡತಿ.

ಕಂಬಕ್ಕೆ ಕಾರಣಗಳಿದ್ದವು. ಹೆತ್ತೂರಿನಿಂದ ವನಗೂರಿನ ಕಡೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ತೋಟ. ಕಾಫಿ ತೋಟವೆಂದ ಮೇಲೆ ನೆರಳಿನ ಮರ, ನೆರಳಿನ ಮರವೆಂದ ಮೇಲೆ ಆಕಾಶವಿಲ್ಲ. ತಲೆಯ ಮೇಲೆ ಪೂರ್ತಿ ಆಕಾಶ ಸಿಗುವ ಜಾಗ ಒಂದೇ, ಮನೆ ಮುಂದಿನ ಕಣ. ಅರವತ್ತು ದಾಟಿದ ಮೇಲೆ ನನಗೆ ದೂರದರ್ಶಕದ ಹುಚ್ಚು ಹಿಡಿಯಿತು. ಈ ವಯಸ್ಸಿನಲ್ಲಿ ಕೆಲವರಿಗೆ ಭಜನೆಯ ಹುಚ್ಚು ಹಿಡಿಯುತ್ತದೆ, ಕೆಲವರಿಗೆ ಪಂಚಾಯಿತಿ ಚುನಾವಣೆಯದು. ಮನೆಯವರಿಗೆ ಇವೆರಡಕ್ಕಿಂತ ನನ್ನದರಿಂದ ತೊಂದರೆ ಕಡಿಮೆ ಎಂದು ಆಗ ವಾದಿಸುತ್ತಿದ್ದೆ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದೂರದರ್ಶಕ ಇಟ್ಟರೆ, ಯಾರಾದರೂ ಚೀಲ ಹೊತ್ತು ಹತ್ತಿರ ನಡೆದರೂ ಸಾಕು, ಚಂದ್ರ ಜ್ವರ ಬಂದವನಂತೆ ನಡುಗುತ್ತಿದ್ದ. ಅಲುಗಾಡದ ಕಂಬ ಬೇಕೇ ಬೇಕು ಎಂದು ಬಲ್ಲವರೆಲ್ಲ ಹೇಳುತ್ತಿದ್ದರು. ಮಳೆ ಹಿಂತೆಗೆದ ಮೇಲೆ, ಹೆಂಡತಿ ಮಗ್ಗೆಯಲ್ಲಿರುವ ತನ್ನ ತಂಗಿ ಮನೆಗೆ ನಾಮಕರಣಕ್ಕೆ ಹೋದ ಸಮಯ ನೋಡಿ, ಗಾರೆ ಕೆಲಸದವನನ್ನು ಕರೆಸಿ ಎದೆಯೆತ್ತರದ ಕಂಬವೊಂದನ್ನು ಎಬ್ಬಿಸಿಯೇಬಿಟ್ಟೆ. ಅವಳು ಜೀಪಿನಿಂದ ಇಳಿದಾಗ ಸಿಮೆಂಟು ಇನ್ನೂ ಹಸಿಯಾಗಿತ್ತು.

"ಇದ್ಯಾರ ಸಮಾಧಿ?" ಎಂದಳು.

ದೂರದರ್ಶಕದ್ದು ಎಂದೆ.

"ಪಾಪ, ಚಿಕ್ಕ ವಯಸ್ಸು," ಎನ್ನುತ್ತಾ ಒಳಗೆ ಹೋದಳು.

ತೋಟ ನನ್ನ ಹೆಸರಿನಲ್ಲಿದೆ, ನಡೆಯುವುದು ಅವಳ ಮಾತಿನಲ್ಲಿ. ಈ ಏರ್ಪಾಡಿನಿಂದ ತೋಟಕ್ಕೆ ಒಳ್ಳೆಯದೇ ಆಗಿದೆ ಎಂಬುದನ್ನು ನನ್ನ ವೈರಿಗಳೂ ಒಪ್ಪುತ್ತಾರೆ. ಕುಯ್ಲು ಶುರುವಾಗಿ ಕಣದ ತುಂಬ ಕಾಫಿ ಬೀಜ ಹರಡಿದ ಮೇಲೆ ಕಂಬದ ಮೇಲಿನ ದೂರುಗಳು ಒಂದೊಂದಾಗಿ ಬಂದವು. ಬೀಜ ಎಳೆದು ಹರಡುವ ಹೆಂಗಸರು ಹಲಗೆ ಹಿಡಿದು ನೇರ ಹೋಗುವ ಹಾಗಿಲ್ಲ, ಕಂಬವನ್ನು ಪ್ರದಕ್ಷಿಣೆ ಹಾಕಬೇಕು. ಕಂಬದ ಬುಡದ ಬೀಜ ಸರಿಯಾಗಿ ಒಣಗುವುದಿಲ್ಲ. ಮಂಜು ಬಿದ್ದೀತೆಂದು ಸಂಜೆ ಟಾರ್ಪಾಲು ಹೊದಿಸಿದರೆ ನಡುವೆ ಗುಡಾರದಂತೆ ಎದ್ದು ನಿಲ್ಲುತ್ತದೆ. ಇದೆಲ್ಲದರ ಮೇಲೆ, ಹೆಂಗಸರು ಕಂಬದ ನೆರಳು ನೋಡಿಕೊಂಡು ಊಟಕ್ಕೆ ಏಳತೊಡಗಿದ್ದರು. ಅವರು ಗುರುತಿಟ್ಟುಕೊಂಡ ನೆರಳು ಗಡಿಯಾರಕ್ಕಿಂತ ಸ್ವಲ್ಪ ಮುಂದಿತ್ತು. ನಮ್ಮ ತೋಟದಿಂದ ಖಗೋಳ ವಿಜ್ಞಾನಕ್ಕೆ ಸಂದ ಮೊದಲ ಸೇವೆ ಅದೇ ಎಂದು ನಾನು ಹೇಳಿದ್ದು ಅವಳಿಗೆ ರುಚಿಸಲಿಲ್ಲ.

ಕೊನೆಗೆ ತೀರ್ಪು ಬಂತು. ಜನವರಿ ಕಳೆದರೆ ಅರೇಬಿಕಾ ಮುಗಿದು ಕಾಫಿಯ ಇನ್ನೊಂದು ಜಾತಿ ರೋಬಸ್ಟಾದ ಹಣ್ಣು ಕಣಕ್ಕೆ ಇಳಿಯುತ್ತದೆ, ಆಗ ಅಂಗೈಯಗಲ ಜಾಗವನ್ನೂ ಬಿಟ್ಟುಕೊಡಲು ಆಗುವುದಿಲ್ಲ. ಅಷ್ಟರೊಳಗೆ ನಾನು ಚಂದ್ರನ ಒಂದು ಫೋಟೊ ತೆಗೆದು, ನಡುಮನೆಯ ಗೋಡೆಗೆ ತೂಗುಹಾಕಿ, ಊಟದ ಮೇಜಿನ ಹತ್ತಿರ ಕೂತ ಅವಳಿಗೆ ಅದು ಕನ್ನಡಕವಿಲ್ಲದೆ ಚಂದ್ರನೆಂದು ಕಂಡರೆ ಕಂಬ ಉಳಿಯುತ್ತದೆ. ಇಲ್ಲವಾದರೆ ಸುತ್ತಿಗೆ. ಇಷ್ಟು ಸುಲಭದ ಪರೀಕ್ಷೆಯೇ ಎಂದು ನಾನು ಒಳಗೊಳಗೇ ನಕ್ಕೆ.

ಇಲ್ಲಿ ಕ್ಯಾಮೆರಾದ ಬಗ್ಗೆ ಎರಡು ಮಾತು ಹೇಳಬೇಕು. ದೂರದರ್ಶಕದ ಹಿಂಬದಿಗೆ ಸಿಕ್ಕಿಸುವ ಈ ಕ್ಯಾಮೆರಾ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಅದಕ್ಕೆ ತನ್ನದೇ ಆದ ಪರದೆ ಇಲ್ಲ, ಒತ್ತುವ ಗುಂಡಿ ಇಲ್ಲ. ಲ್ಯಾಪ್‌ಟಾಪಿಗೆ ತಂತಿ ಹಾಕಿ ಅಲ್ಲಿಂದಲೇ ಆಳಬೇಕು, ಅದರ ಬ್ಯಾಟರಿ ಸತ್ತು ಕಾಲವಾದ್ದರಿಂದ ಅದಕ್ಕೂ ಮನೆಯ ಕರೆಂಟೇ ಗತಿ. ಚಿತ್ರ ತೆಗೆಯುವುದರಲ್ಲಿ ಅದಕ್ಕೆ ಎರಡು ಬಗೆ, ವಿಡಿಯೊ ಮತ್ತು ಒಂದೊಂದೇ ಬಿಡಿಚಿತ್ರ ತೆಗೆಯುವ ಸ್ಟಿಲ್. ವಿಡಿಯೊದಲ್ಲಿ ಒಂದರ ಹಿಂದೊಂದು ಚಿತ್ರವನ್ನು ಅವಸರದಲ್ಲಿ ಹಿಡಿಯಬೇಕಾದ್ದರಿಂದ, ನಾಲ್ಕು ಚುಕ್ಕಿ ಸೇರಿಸಿ ಒಂದೇ ಎಂದು ಲೆಕ್ಕ ಒಪ್ಪಿಸುತ್ತದೆ, ಮೇಲೂ ಕೆಳಗೂ ಅಂಚನ್ನು ಕತ್ತರಿಸಿಯೂ ಬಿಡುತ್ತದೆ. ಸ್ಟಿಲ್‌ನಲ್ಲಾದರೆ ಒಂದು ಚುಕ್ಕಿಯನ್ನೂ ಬಿಡದೆ ಒಪ್ಪಿಸುತ್ತದೆ. ಒಂದೇ ಕ್ಯಾಮೆರಾ, ಒಂದೇ ಚಂದ್ರ, ಚಿತ್ರ ಮಾತ್ರ ಎರಡು ಅಳತೆ. ಈ ಸಂಗತಿ ಕೈಪಿಡಿಯಲ್ಲಿತ್ತು. ಕೈಪಿಡಿ ಡಬ್ಬದಲ್ಲಿತ್ತು. ಡಬ್ಬ ಅಟ್ಟದ ಮೇಲಿತ್ತು.

ಡಿಸೆಂಬರಿನ ಶುಕ್ಲಪಕ್ಷದ ಅಷ್ಟಮಿಯ ಸಂಜೆ ಆಕಾಶ ತೊಳೆದಿಟ್ಟ ಹಾಗಿತ್ತು. ಹುಣ್ಣಿಮೆ ಚಂದ್ರ ಬರೀ ದೋಸೆ, ಗುಂಡಿ ಬೆಟ್ಟಗಳೆಲ್ಲ ನೆರಳು ಚೆಲ್ಲಿ ಎದ್ದು ಕಾಣುವುದು ಅಷ್ಟಮಿಯ ಅರ್ಧಚಂದ್ರನಲ್ಲಿ. ಅದೂ ಕತ್ತಲಾಗುವ ಹೊತ್ತಿಗೇ ನೆತ್ತಿಯ ಮೇಲಿರುತ್ತಾನೆ, ನಿದ್ದೆಗೆಡಬೇಕಿಲ್ಲ. ನನ್ನ ದೂರದರ್ಶಕದಲ್ಲಿ ಚಂದ್ರ ಇಡಿಯಾಗಿ ಒಂದು ಚೌಕಟ್ಟಿಗೆ ಹಿಡಿಸುವುದಿಲ್ಲ. ಮೇಲಿನ ಭಾಗ, ಕೆಳಗಿನ ಭಾಗ ಎಂದು ಎರಡು ಸಲ ತೆಗೆದು ಕಂಪ್ಯೂಟರಿನಲ್ಲಿ ಹೊಲಿಯಬೇಕು. ಮೇಲಿನ ಭಾಗವನ್ನು ವಿಡಿಯೊದಲ್ಲಿ ತೆಗೆದಾಯಿತು. ದೂರದರ್ಶಕವನ್ನು ಒಂದು ಕೂದಲೆಳೆ ಕೆಳಗಿಳಿಸಿ ಇನ್ನೇನು ಗುರಿ ಹಿಡಿಯಬೇಕು, ಅಷ್ಟರಲ್ಲಿ ಕಣದ ಆ ತುದಿಯಲ್ಲಿ ಪಲ್ಪರ್ ಶುರುವಾಯಿತು. ದಿನದ ಹಣ್ಣು ಅಳೆದು ಮುಗಿದ ಮೇಲೆ ಸಿಪ್ಪೆ ಸುಲಿಯುವ ಆ ಯಂತ್ರವನ್ನು ಹಾಕಿಸುವುದು ನನ್ನ ಹೆಂಡತಿ. ಅದರ ಮೋಟಾರು ತಿರುಗಿದ ಕೂಡಲೇ ನಮ್ಮ ಮನೆಯ ಬಲ್ಬುಗಳೆಲ್ಲ ಗೌರವದಿಂದ ತಲೆತಗ್ಗಿಸುತ್ತವೆ. ಆ ದಿನ ಕ್ಯಾಮೆರಾವೂ ತಗ್ಗಿಸಿತು. ಪರದೆ ಕಪ್ಪಾಯಿತು.

ಮತ್ತೆ ಎಲ್ಲ ಎಬ್ಬಿಸುವಾಗ ಅದು ತಾನಾಗಿಯೇ ಸ್ಟಿಲ್‌ಗೆ ಬಂದು ಕೂತಿತ್ತು. ನಾನು ನೋಡಲಿಲ್ಲ. ಚಿತ್ರ ಮೊದಲಿಗಿಂತ ತುಂಬಿಕೊಂಡ ಹಾಗೆ ಕಂಡಿತು, ನನ್ನ ಕೈ ಪಳಗುತ್ತಿದೆ ಎಂದುಕೊಂಡೆ. ಕೆಳಗಿನ ಭಾಗವನ್ನೂ ತೆಗೆದು, ಊಟ ಮಾಡಿ, ಗೆದ್ದವನ ನಿದ್ದೆ ಮಾಡಿದೆ.

ಬೆಳಿಗ್ಗೆ ಎರಡನ್ನೂ ಹೊಲಿಯುವ ತಂತ್ರಾಂಶಕ್ಕೆ ಕೊಟ್ಟರೆ, ಅಳತೆ ಹೊಂದುತ್ತಿಲ್ಲ, ಸಾಧ್ಯವಿಲ್ಲ ಎಂದು ಕೆಂಪಕ್ಷರದಲ್ಲಿ ಹೇಳಿತು. ಜಾತಕ ನೋಡುವವರು ಕೂಡ ಇಷ್ಟು ಒರಟಾಗಿ ಹೇಳುವುದಿಲ್ಲ, ಒಂದು ಶಾಂತಿಯನ್ನೋ ಹೋಮವನ್ನೋ ಸೂಚಿಸುತ್ತಾರೆ. ಅಂದಿನಿಂದ ನಾಲ್ಕಾರು ಸಂಜೆ ಮೋಡ ಬೇರೆ ಮುಚ್ಚಿಕೊಂಡಿತು. ಇನ್ನೊಮ್ಮೆ ತೆಗೆಯಲು ಮುಂದಿನ ತಿಂಗಳ ಅಷ್ಟಮಿಯವರೆಗೆ ಕಾಯಬೇಕು. ಸಕಲೇಶಪುರಕ್ಕೆ ಹೊರಟೆ.

ಪೇಟೆಯಲ್ಲಿ ಫೋಟೊ ಸ್ಟುಡಿಯೊ ಇಟ್ಟಿರುವವನು ನನ್ನ ಶಾಲೆಯ ಗೆಳೆಯ. ಸುತ್ತಲಿನ ಎಷ್ಟೋ ಮದುವೆಗಳಲ್ಲಿ ಬಾರದ ಸೋದರಮಾವಂದಿರನ್ನು ಗುಂಪಿನಲ್ಲಿ ನಿಲ್ಲಿಸಿದವನು, ಬೋಳುತಲೆಗೆ ಕೂದಲು ಕೊಟ್ಟವನು. ನಾನು ಅವನನ್ನು ಭಾಯ್ ಎನ್ನುತ್ತೇನೆ, ಅವನು ನನ್ನನ್ನು ಮೂಡ್ ನೋಡಿಕೊಂಡು ಗೌಡ್ರೇ ಎಂದೋ ಮಾರಾಯ ಎಂದೋ ಕರೆಯುತ್ತಾನೆ. ಎರಡು ಚಂದ್ರಭಾಗಗಳನ್ನೂ ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟು, ಗಡ್ಡ ಸವರಿಕೊಂಡು ಬಹಳ ಹೊತ್ತು ನೋಡಿದ.

"ಮೇಲೆ ಇರೋನು ಮಗ, ಕೆಳಗೆ ಇರೋನು ಅಪ್ಪ. ಇಬ್ರಿಗೂ ಮಾತುಕತೆ ಬಿಟ್ಟೋಗೈತೆ ಮಾರಾಯ."

ಮಗನನ್ನು ಹಿಗ್ಗಿಸಿ ಅಪ್ಪನ ಸಮಕ್ಕೆ ತಂದ. ಅಗಲ ಕೂಡಿಕೊಂಡಿತು. ಆದರೆ ವಿಡಿಯೊ ಅಂಚು ಕತ್ತರಿಸಿದ್ದರಿಂದ ನಡುವೆ ಒಂದು ಪಟ್ಟಿ ಇಲ್ಲವೇ ಇಲ್ಲ, ಚಂದ್ರನಿಗೆ ಸೊಂಟವಿಲ್ಲ. ಗೆಳೆಯ ಹೆದರುವವನಲ್ಲ. ಬೇರೆ ಕಡೆಯಿಂದ ನಾಲ್ಕು ಗುಂಡಿ ಎತ್ತಿ ಅಲ್ಲಿಗೆ ತುಂಬುತ್ತೇನೆ, ಯಾರು ಹೋಗಿ ಎಣಿಸುತ್ತಾರೆ ಎಂದ. ನಾನು ಎದೆ ಸೆಟೆಸಿ, ಚಂದ್ರನ ಮೇಲೆ ಇಲ್ಲದ ಗುಂಡಿಯನ್ನು ಇದೆ ಎನ್ನುವುದು ವಿಜ್ಞಾನಕ್ಕೆ ಬಗೆಯುವ ದ್ರೋಹ ಎಂದೆ. ಹಾಗಾದರೆ ಇರುವುದನ್ನೇ ಎಳೆದು ಉದ್ದ ಮಾಡಲೇ ಎಂದು ಕೇಳಿದ. ಅದಕ್ಕೆ ಒಪ್ಪಿದೆ. ದ್ರೋಹಕ್ಕೂ ಎಳೆತಕ್ಕೂ ವ್ಯತ್ಯಾಸವಿದೆ ಎಂದು ಆಗ ನನಗೆ ತೋರಿತ್ತು.

ದೊಡ್ಡದಾಗಿ ಮುದ್ರಿಸಿ ತಂದು ಗೋಡೆಗೆ ಹಾಕಿದೆ. ಹೆಂಡತಿ ಕನ್ನಡಕ ತೆಗೆಯುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

"ಯಾವ ಕೋಳಿ ಇಟ್ಟಿದ್ದು ಇದು?"

ಅವಳನ್ನು ಕೂರಿಸಿ ಎಲ್ಲವನ್ನೂ ಬಿಡಿಸಿ ಹೇಳಿದೆ. ವಿಡಿಯೊ ಎಂದರೇನು, ಸ್ಟಿಲ್ ಎಂದರೇನು, ನಾಲ್ಕು ಚುಕ್ಕಿ ಒಂದಾಗುವ ರಹಸ್ಯವೇನು, ಮತ್ತು ಮುಖ್ಯವಾಗಿ, ಆ ಗಳಿಗೆಯಲ್ಲಿ ಪಲ್ಪರ್ ಹಾಕಿಸದೆ ಇದ್ದಿದ್ದರೆ ಈ ಅನಾಹುತ ಆಗುತ್ತಲೇ ಇರಲಿಲ್ಲ ಎಂಬುದು. ಕೊನೆಯದನ್ನು ಸ್ವಲ್ಪ ಮೆಲ್ಲಗೆ ಹೇಳಿದೆ. ಅವಳು ಬಟಾಣಿ ಬಿಡಿಸುತ್ತಾ ಪೂರ್ತಿ ಕೇಳಿದಳು.

"ಅರೇಬಿಕಾ ರೋಬಸ್ಟಾ ಎರಡೂನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಹೊಲಿದ್ರೆ ಯಾರ ತಪ್ಪು ಕಣ್ರೀ? ಚೀಲದ್ದಾ?"

ನಾನು ಮರುಪರೀಕ್ಷೆಗೆ ಅರ್ಜಿ ಹಾಕಿದೆ. ಜನವರಿಯ ಅಷ್ಟಮಿಯಂದು ಒಂದೇ ಒಂದು ಸಂಜೆ ಪಲ್ಪರ್ ತಡವಾಗಿ ಹಾಕಿಸಬೇಕು. ಇದು ಕೇಳಿದಷ್ಟು ಸಣ್ಣ ವರವಲ್ಲ. ಕುಯ್ದ ಹಣ್ಣನ್ನು ಅದೇ ದಿನ ಸುಲಿಯದಿದ್ದರೆ ಹುಳಿ ಬರುತ್ತದೆ, ಆಮೇಲೆ ಆ ಕಾಫಿಯನ್ನು ಕುಡಿಯುವುದು ಯಾರೋ, ಬೈಸಿಕೊಳ್ಳುವುದು ನಾವು. ಪಲ್ಪರ್ ನಡೆಸುವ ಆಳುಗಳು ಮನೆಗೆ ಹೋಗುವುದೂ ತಡವಾಗುತ್ತದೆ. ಅವಳು ಬಹಳ ಯೋಚಿಸಿ ಅರ್ಧ ಗಂಟೆ ಕೊಟ್ಟಳು. ಕೊಟ್ಟದ್ದು ಮಾತ್ರವಲ್ಲ, ಆ ಸಂಜೆ ತಾನೇ ಹೋಗಿ ಮೋಟಾರಿನ ಸ್ವಿಚ್ಚಿನ ಪಕ್ಕ ಕೈಕಟ್ಟಿ ನಿಂತಳು. ಆಳುಗಳು ಹಣ್ಣಿನ ರಾಶಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ನನ್ನನ್ನೂ ಆಕಾಶವನ್ನೂ ಸರದಿಯಲ್ಲಿ ನೋಡುತ್ತಿದ್ದರು.

ನಾನೂ ಈ ಸಲ ಹಳೆಯ ಮನುಷ್ಯನಲ್ಲ. ಕೈಪಿಡಿಯನ್ನು ಅಟ್ಟದಿಂದ ಇಳಿಸಿ ಓದಿಕೊಂಡಿದ್ದೆ. ಸೊಂಟ ತಪ್ಪದಿರಲೆಂದು ಎರಡರ ಬದಲು ಮೂರು ತುಂಡು ತೆಗೆದೆ. ಪ್ರತಿ ತುಂಡಿಗೂ ಮೊದಲು, ಅಳತೆ ಹಿಂದಿನದ್ದೇ ಇದೆಯೇ ಎಂದು ಬಾಯಿಬಿಟ್ಟು ಓದಿ ಖಾತ್ರಿ ಮಾಡಿಕೊಂಡೆ. ಮುಗಿಯಿತು ಎಂದು ಕೈ ಎತ್ತಿದೆ. ಅವಳು ಸ್ವಿಚ್ಚು ಒತ್ತಿದಳು, ಪರದೆ ಕಪ್ಪಾಯಿತು, ಆದರೆ ಆಗಲೇ ಎಲ್ಲ ಉಳಿಸಿಯಾಗಿತ್ತು. ತಂತ್ರಾಂಶ ಮೂರನ್ನೂ ಗೊಣಗದೆ ಹೊಲಿದು ಕೊಟ್ಟಿತು. ಇಡೀ ಅರ್ಧಚಂದ್ರ, ಗೆರೆಯಿಲ್ಲ, ಸೀಳಿಲ್ಲ, ಕೋಳಿಯ ಸಂಬಂಧವೂ ಇಲ್ಲ.

ಮರುದಿನ ಸ್ಟುಡಿಯೊದಲ್ಲಿ ಗೆಳೆಯ ಅದನ್ನು ತೆರೆದು ನೋಡಿ ಮೆಚ್ಚಿಕೊಂಡ. ಆಮೇಲೆ ಕನ್ನಡಕ ಮೇಲೇರಿಸಿ ಇನ್ನೊಮ್ಮೆ ನೋಡಿದ.

"ಗೌಡ್ರೇ, ಮೂರೂ ವಿಡಿಯೊದಾಗೆ ತೆಗ್ದಿದೀರಲ್ರೀ."

ಅಳತೆ ಒಂದೇ ಇರಬೇಕು ಎಂಬ ಪಾಠವನ್ನು ನಾನು ಎಷ್ಟು ಗಟ್ಟಿಯಾಗಿ ಕಲಿತಿದ್ದೆನೆಂದರೆ, ಯಾವ ಅಳತೆ ಎಂದು ನೋಡಿರಲೇ ಇಲ್ಲ. ಹಿಂದಿನ ದಿನ ಪರೀಕ್ಷೆಗೆಂದು ಗುಡ್ಡದ ಮೇಲಿನ ಸಿಲ್ವರ್ ಓಕ್ ಮರವೊಂದನ್ನು ವಿಡಿಯೊ ಹಿಡಿದಿದ್ದೆ, ಕರೆಂಟು ಕೈಕೊಡದೆ ಸರಿಯಾಗಿ ಆರಿಸಿದ್ದರಿಂದ ಕ್ಯಾಮೆರಾ ಅದನ್ನೇ ನೆನಪಿಟ್ಟುಕೊಂಡಿತ್ತು. ಸ್ಪಷ್ಟವಾಗಿ ಮುದ್ರಿಸಬೇಕಾದರೆ ಈ ಚಂದ್ರ ಪೋಸ್ಟ್‌ಕಾರ್ಡಿನಷ್ಟು. ದೊಡ್ಡದು ಮಾಡಿದರೆ ಹೇಗಿರುತ್ತದೆಂದು ಗೆಳೆಯ ತೋರಿಸಿದ. ತಟ್ಟೆಯಲ್ಲಿ ಚೌಕ ಚೌಕವಾಗಿ ಕೊಯ್ದಿಟ್ಟ ಮೈಸೂರು ಪಾಕಿನಂತಿತ್ತು. ಪೋಸ್ಟ್‌ಕಾರ್ಡಿನದೇ ಇರಲಿ ಎಂದೆ, ತಂದು ಹಿಂದಿನ ದೊಡ್ಡ ಚಿತ್ರ ತೂಗಿದ್ದ ದಪ್ಪ ಮೊಳೆಗೇ ಹಾಕಿದೆ.

ಭಾನುವಾರ ತೀರ್ಪಿನ ದಿನ ಗೆಳೆಯನೂ ನನ್ನ ಪರ ವಾದಿಸಲು ಬಂದ. ಮೊದಲು ಅಕ್ಕಿರೊಟ್ಟಿ ತಿಂದ, ಆಮೇಲೆ ವಾದಿಸಿದ. ಫೋಟೊದ ಗಾತ್ರ ನೋಡಬಾರದು ತಂಗೀ, ಗುಣ ನೋಡಬೇಕು, ಗುಂಡಿಯ ಅಂಚು ಹೇಗೆ ಹರಿತವಾಗಿದೆ ನೋಡು, ಒಂದೂ ನಾನು ತುಂಬಿದ್ದಲ್ಲ ಎಂದ. ಹೆಂಡತಿ ಎದ್ದು ಹೋಗಿ ಹತ್ತಿರದಿಂದ ಬಹಳ ಹೊತ್ತು ನೋಡಿದಳು. ಬೆಟ್ಟದ ನೆರಳು ಯಾವುದು ಎಂದು ಕೇಳಿ ತಿಳಿದುಕೊಂಡಳು. ನನ್ನ ಎದೆ ಸ್ವಲ್ಪ ಉಬ್ಬಿತು. ಆಮೇಲೆ ಬಂದು ಊಟದ ಮೇಜಿನ ಮುಂದೆ ಕೂತು, ಕನ್ನಡಕ ತೆಗೆದು ಮಡಚಿ ಇಟ್ಟು, ಗೋಡೆಯನ್ನು ನೋಡಿದಳು.

"ಏನ್ ಕಾಣ್ತೈತೆ?" ಎಂದ ಗೆಳೆಯ.

"ಮೊಳೆ."

ಗೆಳೆಯ ಇನ್ನೊಂದು ರೊಟ್ಟಿಯತ್ತ ಕೈ ಚಾಚಿದ. ಅವಳು ಕನ್ನಡಕ ಹಾಕಿಕೊಂಡು ನನ್ನ ಕಡೆ ತಿರುಗಿದಳು. ಮಾತು ಮಾತ್ರ ಮೆತ್ತಗಿತ್ತು.

"ಚಂದ್ರ ಚಂದಾಗೈತೆ ಕಣ್ರೀ, ಸುಳ್ಳು ಯಾಕೆ ಹೇಳ್ಲಿ. ಫೋಟೊ ಅಲ್ಲೇ ಇರ್ಲಿ. ಕಂಬ ತೆಗಿಸ್ಬುಡಿ."

ರೋಬಸ್ಟಾ ಕುಯ್ಲಿನ ಹಿಂದಿನ ವಾರ ಕಂಬ ಒಡೆಸಿ, ಚೂರನ್ನೆಲ್ಲ ಜೀಪಿನ ದಾರಿಯ ಗುಂಡಿಗೆ ತುಂಬಿಸಲಾಯಿತು.