ನಿಂತೇ ಹೇಳಿದ ಮಾತು

ಹೆಂಡತಿ ತೀರಿಹೋದ ಮೇಲೆ ನನಗೆ ಒಂದು ಕಡೆ ಕೂರಲು ಆಗುತ್ತಿಲ್ಲ. ಊಟವನ್ನೂ ಅಡುಗೆಮನೆಯಲ್ಲಿ ನಿಂತೇ ಮುಗಿಸುತ್ತೇನೆ. ದೆಹಲಿಯ ಸರೋಜಿನಿ ನಗರದ ನಮ್ಮ ಕ್ವಾರ್ಟರ್ಸ್ ಸುತ್ತ ನಾನು ನಡೆಯುವುದು ತರಕಾರಿಯವನಿಗೂ ಅಭ್ಯಾಸವಾಗಿದೆ. "ಅಂಕಲ್‌ಜೀ, ಆಜ್ ಕಿತ್ನೇ ಚಕ್ಕರ್?" ಇವತ್ತು ಎಷ್ಟು ಸುತ್ತು ಎಂದು ಕೂಗುತ್ತಾನೆ.

ಪುಣೆಯಲ್ಲಿರುವ ಮಗಳು ಫೋನ್ ಮಾಡಿದಾಗೆಲ್ಲ ಒಂದೇ ಪ್ರಶ್ನೆ: "ಅಪ್ಪಾ, ಆಸ್ಪತ್ರೇಲಿ ಅಮ್ಮ ಕೊನೇಗೆ ಏನಂದ್ಲು?" ಹಾಲು ಉಕ್ಕುತ್ತಿದೆ ಎಂದೋ, ಬಸ್ಸು ಬಂತು ಎಂದೋ ಹೇಳಿ ಇಟ್ಟುಬಿಡುತ್ತೇನೆ.

ಮೇಲಿನ ಮನೆಯಲ್ಲಿರುವ ಧಾರವಾಡದವರ ಮಗಳು ಸಮಾಜಕಾರ್ಯ ಓದುತ್ತಾಳೆ. ದೆಹಲಿಯಲ್ಲೇ ಬೆಳೆದವಳು. ದೊಡ್ಡ ಆಘಾತ ಕಂಡವರ ಜೊತೆ ಹೇಗೆ ಮಾತಾಡಬೇಕೆಂದು ಕಲಿಸುವ ತರಗತಿಗೆ, ಅಂಥವರಂತೆ ನಟಿಸಲು ಹೊರಗಿನವರೊಬ್ಬರು ಬೇಕಿತ್ತಂತೆ.

"ಆಕ್ಟಿಂಗ್ ಅಷ್ಟೇ ಅಂಕಲ್. ನಿಮ್ಮ ಸ್ಟೋರಿ ಬೇಡ. ಮೇಡಮ್ ಬರೆದು ಕೊಡ್ತಾರೆ, ಪಕ್ಕಾ."

ಮನೆಯಿಂದ ಹೊರಗಿರಬಹುದಲ್ಲ ಎಂದು ಶನಿವಾರ ಅವಳ ಜೊತೆ ಗ್ರೇಟರ್ ನೋಯ್ಡಾದ ಕಾಲೇಜಿಗೆ ಹೋದೆ.

ಯಮುನೆಯ ನೆರೆಯಲ್ಲಿ ಮನೆ ಕಳೆದುಕೊಂಡವನ ಪಾತ್ರ ನನಗೆ ಬಂತು. ಎದುರುಬದುರು ಎರಡು ಕುರ್ಚಿ, ಸುತ್ತ ವಿದ್ಯಾರ್ಥಿಗಳು. ಮೇಲಿನ ಮನೆಯ ಹುಡುಗಿಯೇ ಕೈಮುಗಿದು, ಬನ್ನಿ, ಆರಾಮವಾಗಿ ಕೂತುಕೊಳ್ಳಿ ಎಂದು ಕಲಿಸಿದಂತೆಯೇ ಶುರುಮಾಡಿದಳು: "ಆಯಿಯೇ, ಆರಾಮ್ ಸೇ ಬೈಠಿಯೇ."

ನಾನು ಕಿಟಕಿಯ ಕಡೆ ಹೋದೆ.

"ಬೈಠಿಯೇ ನಾ, ಅಂಕಲ್."

ಬಾಗಿಲು ದಾಟಿಬಿಟ್ಟೆ. "ಅರೇ, ಅಂಕಲ್ ತೋ ಭಾಗ್ ಗಯೇ!" ಅಂಕಲ್ ಓಡಿಯೇಹೋದರು ಎಂದು ಹಿಂದಿನಿಂದ ಯಾರೋ ನಕ್ಕರು.

ಹುಡುಗಿ ವರಾಂಡಕ್ಕೆ ಓಡಿಬಂದಳು. "ಸಾರಿ ಅಂಕಲ್. ನಾನೇನು ಗಲತ್ ಮಾಡ್ದೆ?"

"ನಿನ್ನದೇನಿಲ್ಲಮ್ಮ."

ನಾನು ನಡೆಯುತ್ತಲೇ ಇದ್ದೆ. ಅವಳು ತಡೆಯಲಿಲ್ಲ, ವಾಪಸ್ ಬನ್ನಿ ಎನ್ನಲೂ ಇಲ್ಲ. ಹೆಜ್ಜೆ ಹೊಂದಿಸಿಕೊಂಡು ಪಕ್ಕದಲ್ಲಿ ನಡೆದಳು. ಎರಡನೆಯ ಸುತ್ತಿನಲ್ಲಿ ಮಾತು ತಾನಾಗಿ ಹೊರಬಂತು.

ಆ ದಿನ ಹೆಂಡತಿಯನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಆಸ್ಪತ್ರೆಯವರು ನನಗೆ "ಬೈಠಿಯೇ, ಬುಲಾಯೇಂಗೆ" ಎಂದಿದ್ದರು, ಕೂತಿರಿ, ಕರೆಯುತ್ತೇವೆ ಎಂದು. ಕೂತೆ. ಕಚೇರಿಯ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ಜನರಿಗೆ ನಾನೇ ಹೇಳಿಕೊಂಡು ಬಂದ ಮಾತು ಅದು. ಮತ್ತೆ ಮತ್ತೆ ಎದ್ದು ಬಂದು ಕೇಳುವವರನ್ನು ಕಂಡರೆ ನನಗೆ ಸಿಟ್ಟು. ಸುಮ್ಮನೆ ಕೂತವರೇ ಒಳ್ಳೆಯವರು. ನಾನೂ ಒಳ್ಳೆಯವನಾಗಿ ಎರಡು ಗಂಟೆ ಕೂತೆ. ಕರೆದಾಗ ಎಲ್ಲ ಮುಗಿದಿತ್ತು. ಅವಳು ಎರಡು ಸಲ ನಾನೆಲ್ಲಿ ಎಂದು ಕೇಳಿದಳೆಂದು ಆಮೇಲೆ ನರ್ಸ್ ಹೇಳಿದರು.

"ಒಂದು ಸಲ ಎದ್ದು ಹೋಗಿ ವಿಚಾರಿಸಬಹುದಿತ್ತು," ಎಂದೆ. "ಮಗಳಿಗೆ ಹೇಗೆ ಹೇಳಲಿ?"

ನಿಮ್ಮದೇನೂ ತಪ್ಪಿಲ್ಲ ಎನ್ನುತ್ತಾಳೆಂದು ಕಾದೆ. ಎಲ್ಲರೂ ಹಾಗೇ ಅನ್ನುವುದು. ಅವಳು ಕಣ್ಣೊರೆಸಿಕೊಂಡು, "ಇನ್ನೊಂದು ರೌಂಡ್ ಹೋಗೋಣ್ವಾ ಅಂಕಲ್?" ಎಂದಳು.

ಹೋದೆವು. ತರಗತಿಯ ಬಾಗಿಲಲ್ಲಿ ಮೇಡಮ್ ನಿಂತಿದ್ದರು. ಕರೆಯಲಿಲ್ಲ.

ಸಂಜೆ ಮಗಳ ಫೋನ್ ಬಂತು. ಅದೇ ಪ್ರಶ್ನೆ. ನಾನು ನಡುಮನೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದೆ.

"ಅಪ್ಪಾ, ಏದುಸಿರು ಬಿಡ್ತಿದ್ದೀರಿ. ಕೂತ್ಕೊಂಡು ಮಾತಾಡಿ."

"ಇಲ್ಲ ಮಗಳೇ, ನಿಂತೇ ಹೇಳ್ತೀನಿ. ನಿಮ್ಮಮ್ಮ ಎರಡು ಸಲ ನಾನೆಲ್ಲಿ ಅಂತ ಕೇಳಿದ್ಲು."