ಸೈರನ್ ಇಲ್ಲದ ಹೊತ್ತು

ಚನ್ನಗಿರಿಯ ಕಚೇರಿಯಲ್ಲಿ ಕೂತು ಹೊನ್ನಾಳಿಯ ಹೊಳೆ ಏರುವುದನ್ನು ಪರದೆಯ ಮೇಲೆ ನೋಡುತ್ತಿದ್ದೆ. ಅಲ್ಲಿ ನೆರೆಯ ಸೈರನ್ ಕೂಗಿಸಬೇಕಾದ, ಕ್ಲೌಡ್‌ನಲ್ಲಿದ್ದ ವರ್ಚುವಲ್ ಯಂತ್ರ ಮೆಮೊರಿ ಸಾಲದೆ ತಡವರಿಸುತ್ತಿತ್ತು. ಅದಕ್ಕೆ ದೊಡ್ಡ ಹಾರ್ಡ್‌ವೇರ್ ಪ್ರೊಫೈಲ್, ಅಂದರೆ ಹೆಚ್ಚು ಮೆಮೊರಿ, ಕೊಡಬಹುದಿತ್ತು. ಆದರೆ ಅದಕ್ಕೆ ಯಂತ್ರವನ್ನು ಒಮ್ಮೆ ಆಫ್ ಮಾಡಲೇಬೇಕು. ಅಷ್ಟರಲ್ಲಿ ನೀರು ಬಂದರೆ?

ಹೊನ್ನಾಳಿಯ ಸಹೋದ್ಯೋಗಿಗೆ ಫೋನ್ ಮಾಡಿ ವಿಷಯ ಹೇಳಿದೆ.

"ಹೊಳೆ ದಂಡೆ ಮ್ಯಾಲೆ ಬಟ್ಟೆ ಒಗೆಯೋರು ಅದಾರೆ, ಮೇಡಂ. ಈಗ್ಲೇ ಆಫ್ ಮಾಡ್ಬೇಕೇನ್ರೀ?"

"ಮಾಡ್ದಿದ್ರೆ ಅದಾಗೇ ನಿಲ್ತೈತ್ರೀ."

"ಹಂಗಾದ್ರೆ ನಾನೇ ಹೋಗಿ ಕೂಗ್ತೀನಿ. ನನ್ ಗಂಟಲಿಗೆ ಯಾವ ಪ್ರೊಫೈಲೂ ಬ್ಯಾಡ."

ಅವರು ದಂಡೆ ತಲುಪಿದ ಮೇಲೆ ಯಂತ್ರ ಆಫ್ ಮಾಡಿದೆ. ಆಗಲೇ ಫೋನಿನಲ್ಲಿ ಸೈರನ್ ಕೇಳಿತೆಂದು ನೆನಪು ಹೇಳುತ್ತದೆ. ಸುಳ್ಳು. ಯಂತ್ರ ಇನ್ನೂ ಎದ್ದಿರಲಿಲ್ಲ. ಕೇಳಿದ್ದು ಅವರ ಕೂಗು: "ಮ್ಯಾಲೆ ಬರ್ರವ್ವಾ, ನೀರು ಬಂತು!" ಕಲ್ಲಿಗೆ ಬಟ್ಟೆ ಬಡಿಯುತ್ತಿದ್ದ ಸದ್ದು ಒಮ್ಮೆಲೇ ನಿಂತಿತು.