ಟವೆಲ್ ಇಟ್ಟವನು ಬದುಕಿದ್ದಾನೆಯೇ

ಭಯ ಮೊದಲು ಬಂತು, ಅದಕ್ಕೆ ಕಾರಣ ಆಮೇಲೆ ಬಂತು. ನೆನಪಿನಲ್ಲಿ ಅದು ಹಾಗೆಯೇ ಇದೆ. ನಾನು ಸರಿಪಡಿಸಲು ಹೋಗುವುದಿಲ್ಲ.

ಎಂಬತ್ತರ ದಶಕದ ಕೊನೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿದ್ದೆ. ಆಪರೇಟಿಂಗ್ ಸಿಸ್ಟಮ್ ಎಂಬ ವಿಷಯದಲ್ಲಿ ಒಮ್ಮೆ ಫೇಲಾಗಿದ್ದೆ. ನರಸಿಂಹರಾಜಪುರದಲ್ಲಿ ಹೊಲಿಗೆ ಮಿಷನ್ ರಿಪೇರಿ ಅಂಗಡಿ ಇಟ್ಟಿದ್ದ ಅಬ್ಬಾ ಸುದ್ದಿ ಕೇಳಿ ಬೈಯಲಿಲ್ಲ. "ಇನ್ನೊಂದು ಸಲ ನೋಡು ಮಗಳೇ. ಆಗ್ಲಿಲ್ಲ ಅಂದ್ರೆ ಮನೆಗೆ ಬಂದ್ಬಿಡು, ಓದಿದ್ದು ಸಾಕು" ಎಂದರು. ಮನೆಯಲ್ಲಿ ನಾವು ಆಡುತ್ತಿದ್ದುದು ಉರ್ದು. ಕನ್ನಡಕ್ಕೆ ತಂದ ಕೂಡಲೇ ಆ ಮಾತು ಮೆತ್ತಗಾಗಿಬಿಟ್ಟಿದೆ. ಆವತ್ತು ಅದು ಅಂಗಡಿ ಮುಚ್ಚುವಾಗ ಬಾಗಿಲ ಹಲಗೆಗಳನ್ನು ಒಂದೊಂದಾಗಿ ಜೋಡಿಸಿದ ಹಾಗೆ ಕೇಳಿತ್ತು.

ಆ ಎರಡನೇ ಸಲದಲ್ಲಿ, ರಜೆಗೆ ಮುಂಚೆ, ಪಾಠ ಮಾಡುವ ಸರ್ ಹೇಳಿದರು: "ಇಬ್ಬಿಬ್ಬರು ಸೇರಿ ಕರ್ನೆಲ್‌ನಲ್ಲಿ ಏನಾದರೂ ಒಂದನ್ನು ಬದಲಾಯಿಸಿ. ಏನು ಅಂತ ನೀವೇ ಆರಿಸಿ. ರಜೆ ಮುಗಿಸಿ ಬಂದ ದಿನ ನನಗೆ ಹೇಳಿ."

ಕರ್ನೆಲ್ ಎಂದರೆ ಯಂತ್ರ ಶುರುವಾದಾಗ ಮೊದಲು ಎದ್ದು, ಉಳಿದ ಪ್ರೋಗ್ರಾಮುಗಳಿಗೆಲ್ಲ ಜಾಗ ಮತ್ತು ಸರದಿ ಹಂಚುವ ಪ್ರೋಗ್ರಾಮು. ನಾವು ಬರೆದ ಮಾಮೂಲಿ ಪ್ರೋಗ್ರಾಮು ಕೆಟ್ಟರೆ ಅದೊಂದೇ ಸಾಯುತ್ತಿತ್ತು. ಹೀಗಾಯಿತು ಎಂದು ಕರ್ನೆಲ್ ಪರದೆಯ ಮೇಲೆ ತಿಳಿಸುತ್ತಿತ್ತು. ಕರ್ನೆಲ್ಲೇ ಕೆಟ್ಟರೆ ತಿಳಿಸಲು ಯಾರೂ ಉಳಿಯುವುದಿಲ್ಲ. ಇಡೀ ವಿಭಾಗಕ್ಕೆ ಇದ್ದದ್ದು ಒಂದೇ ಯಂತ್ರ, ಅದಕ್ಕೆ ತಂತಿಯಲ್ಲಿ ಜೋಡಿಸಿದ ಕೆಲವು ಟರ್ಮಿನಲ್‌ಗಳು. ನಾನು ಸೇರುವ ಮುಂಚಿನ ಯಾವುದೋ ವರ್ಷ ಯಾರೋ ಬದಲಾಯಿಸಿದ ಕರ್ನೆಲ್ ಡಿಸ್ಕನ್ನೇ ಕೆಡಿಸಿ, ಎಲ್ಲರ ಕೆಲಸವೂ ಅಳಿಸಿಹೋಯಿತಂತೆ. ಆ ಹುಡುಗ ಪರೀಕ್ಷೆಗೂ ಬರಲಿಲ್ಲವಂತೆ. ಅವನನ್ನು ಕಂಡವರು ನನಗೆ ಯಾರೂ ಸಿಕ್ಕಿಲ್ಲ. ಆದರೂ ಕಣ್ಣು ಮುಚ್ಚಿದರೆ ಅವನು ಕಾಣುತ್ತಿದ್ದ, ಚಪ್ಪಲಿ ಬಿಟ್ಟು ಲ್ಯಾಬಿನ ಬಾಗಿಲಲ್ಲಿ ನಿಂತಿರುತ್ತಿದ್ದ.

ನನ್ನ ಜೊತೆಗಾತಿ ಶೃಂಗೇರಿಯವಳು, ಮಠದಲ್ಲಿ ಪಾಠ ಹೇಳುತ್ತಿದ್ದವರ ಮಗಳು. ಅವಳಿಗೆ ಹೆದರಿಕೆ ಎಂಬುದೇ ಇರಲಿಲ್ಲ, ಅಥವಾ ಇಬ್ಬರ ಪಾಲಿನದನ್ನೂ ನಾನೇ ಇಟ್ಟುಕೊಂಡಿದ್ದೆ. ರಜೆಯಲ್ಲಿ ಅವಳ ಮನೆಯಲ್ಲಿ ಕುಳಿತು ಆರಿಸುವುದೆಂದು ಮಾತಾಯಿತು. ಅಬ್ಬಾ ಸಾಮಾನು ತರಲು ಕೊಪ್ಪಕ್ಕೆ ಹೋಗುವ ದಿನ ನನ್ನನ್ನೂ ಕರೆದೊಯ್ದರು. ಅವಳು ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಳು. ನನ್ನ ಕಂಕುಳಲ್ಲಿ ಕರ್ನೆಲ್‌ನ ಒಳಗಿನ ಬರಹವನ್ನು ಮುದ್ರಿಸಿದ ಹಾಳೆಗಳ ದೊಡ್ಡ ಕಟ್ಟು.

"ಎಂತ ಯೋಚ್ನೆ ಮಾಡಿದ್ಯೆ?" ಅವಳು ಕೇಳಿದಳು.

"ಯಂತ್ರ ಶುರುವಾಗುವಾಗ ಒಂದು ಸ್ವಾಗತದ ಸಾಲು ಬರ್ತದಲ್ಲ, ಅದನ್ನು ಬದಲಾಯ್ಸೋಣ."

"ಅದು ಪ್ರಾಜೆಕ್ಟಾ ಮಾರಾಯ್ತಿ? ಬೋರ್ಡಿಗೆ ಬಣ್ಣ ಹೊಡಿಯೋ ಕೆಲ್ಸ ಅದು!"

ಅವಳದು ಬೇರೆಯೇ ಇತ್ತು. ಲ್ಯಾಬಿನಲ್ಲಿ ಪ್ರಿಂಟರ್ ಒಂದೇ. ಪ್ರಿಂಟ್ ಮಾಡುವ ಪ್ರೋಗ್ರಾಮು ಮೊದಲು ಡಿಸ್ಕಿನಲ್ಲಿ ಒಂದು ಖಾಲಿ ಫೈಲು ಇಡುತ್ತಿತ್ತು: ಈಗ ನಾನಿದ್ದೇನೆ, ಬೇರೆಯವರು ಕಾಯಿರಿ ಎಂಬ ಗುರುತು. ಕೆಲಸ ಮುಗಿದರೆ ಅದನ್ನು ತಾನೇ ತೆಗೆಯುತ್ತಿತ್ತು. ನಡುವೆ ಸತ್ತರೆ ಗುರುತು ಅಲ್ಲೇ ಉಳಿದು, ಸರ್ ಬಂದು ಅಳಿಸುವವರೆಗೆ ಯಾರಿಗೂ ಪ್ರಿಂಟ್ ಇಲ್ಲ. "ಗುರುತನ್ನು ಕರ್ನೆಲ್ಲೇ ಇಟ್ಕೊಳ್ಲಿ. ತುಂಬ ಹೊತ್ತಾದ್ರೂ ಬಿಡ್ಲಿಲ್ಲ ಅಂದ್ರೆ ಕಿತ್ತು ಇನ್ನೊಬ್ರಿಗೆ ಕೊಡ್ಲಿ" ಎಂದಳು. ಕರ್ನೆಲ್ ಕಿತ್ತುಕೊಳ್ಳುತ್ತದೆ ಎಂಬ ಮಾತಿಗೇ ನಾನು ಹಾಳೆಗಳ ಕಟ್ಟನ್ನು ಅವುಚಿಕೊಂಡೆ.

ಶೃಂಗೇರಿ ಬಸ್ಸು ಬಂತು. ನಿಲ್ಲುವ ಮೊದಲೇ ಕಿಟಕಿಗಳಿಂದ ಟವೆಲು, ಕೊಡೆ, ಚೀಲ ಒಳಕ್ಕೆ ಬಿದ್ದವು. ನಮ್ಮ ಕಡೆ ಟವೆಲ್ ಬಿದ್ದ ಸೀಟು ಬರೆದು ಕೊಟ್ಟಷ್ಟೇ ಗಟ್ಟಿ. ಯಾರ ಟವೆಲ್ ಎಂದು ಕೂಡ ಕೇಳುವುದಿಲ್ಲ. ನಾವು ಹತ್ತುವಾಗ ಉಳಿದಿದ್ದ ಒಂದೇ ಸೀಟಿನ ಮೇಲೆ ಕೆಂಪು ಅಂಚಿನ ಟವೆಲ್ಲಿತ್ತು, ಮನುಷ್ಯ ಇರಲಿಲ್ಲ. ಪಕ್ಕದಲ್ಲಿ, ಪಾಕದಂತಿರುವ ಜೋನಿ ಬೆಲ್ಲದ ಡಬ್ಬ ಹಿಡಿದುಕೊಂಡು ಒಬ್ಬ ಅಜ್ಜಿ ನಿಂತಿದ್ದರು. ಬಸ್ಸು ಹೊರಟಿತು. ಟವೆಲ್ಲಿನವನು ಬರಲಿಲ್ಲ.

"ಅಜ್ಜಿ, ಕೂತ್ಕೊಳ್ಳಿ" ಎಂದಳು ಜೊತೆಗಾತಿ.

"ಬ್ಯಾಡ ಕೂಸೇ, ಯಾರದ್ದೋ ಉಂಟಲ್ಲ."

"ಅವ ಇಳ್ದು ಹೋಗಿರ್ತಾನೆ. ಬಸ್ ಹೊರಟಾಯ್ತಲ್ಲ" ಎಂದು ಟವೆಲ್ ತೆಗೆದು ಕಂಬಿಗೆ ನೇತು ಹಾಕಿದಳು. ನಾನು ಬೇಡ ಎನ್ನುವಷ್ಟರಲ್ಲಿ ಟವೆಲ್ ಅಲ್ಲಿ ತೂಗುತ್ತಿತ್ತು. ಅಜ್ಜಿ ಕೂತರು, ಡಬ್ಬ ತೊಡೆಯ ಮೇಲೆ.

ದಾರಿಯಲ್ಲಿ ನಾರ್ವೆ ಎಂಬ ಊರಿನ ಹತ್ತಿರ ಬಸ್ಸು ನಿಂತಾಗ ಮೇಲಿನಿಂದ ದಡಬಡ ಸದ್ದಾಗಿ, ಹಿಂದಿನ ಏಣಿಯಿಂದ ಒಬ್ಬ ಇಳಿದು ಒಳಗೆ ಬಂದ. ಅಷ್ಟು ಹೊತ್ತೂ ಬಸ್ಸಿನ ಟಾಪಿನ ಮೇಲೆ ತನ್ನ ಮೂಟೆಗಳಿಗೆ ಹಗ್ಗ ಬಿಗಿಯುತ್ತಿದ್ದನಂತೆ.

"ನನ್ ಟವೆಲ್ ಎಲ್ಲಿ?"

"ಕಂಬಿ ಮೇಲೆ ಉಂಟು" ಎಂದಳು ಇವಳು.

"ಓಹೋ! ಸತ್ತೇ ಹೋದ ಅಂದ್ಕೊಂಡ್ರಾ? ಕಾಲೇಜಿಗೆ ಹೋಗೋರಿಗೆ ಟವೆಲ್ ಕಾಣಲ್ವೇನ್ರೀ? ಏಳಿ ಅಜ್ಜಿ!"

"ನಾ ಏಳೂದಿಲ್ಲ ಮಾರಾಯ. ನಂಗೆ ಈ ಕೂಸು ಕೊಟ್ಟ ಜಾಗ ಇದು."

"ಅವ್ಳೇನು ಬಸ್ಸಿನ ಓನರಾ?"

ಅವನು ಸಂದಿಯಲ್ಲಿ ತೂರಿಕೊಂಡು ಕೂತೇಬಿಟ್ಟ. ಅಜ್ಜಿ ಮೊಣಕೈಯಿಂದ ತಿವಿದರು. ಅಷ್ಟರಲ್ಲಿ ತಿರುವು ಬಂತು. ಡಬ್ಬದ ಮುಚ್ಚಳ ಹಾರಿ, ಜೋನಿ ಬೆಲ್ಲ ಅವನ ಪಂಚೆಗೆ, ನೆಲಕ್ಕೆ, ನಿಂತವರ ಚಪ್ಪಲಿಗೆ, ನನ್ನ ಹಾಳೆಗಳ ಕಟ್ಟಿಗೆ ಹರಿಯಿತು. "ಸಿಹಿ ಹಂಚ್ತಾ ಇದ್ದಾರೆ, ಎಲ್ರೂ ತಗೊಳ್ಳಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಬಸ್ಸೆಲ್ಲ ನಕ್ಕಿತು. ನಾನು ನಗಲಿಲ್ಲ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ, ಅದೇ ನನ್ನನ್ನು ಹೆದರಿಸಿತು. ಇಬ್ಬರಿಗೂ ಆ ಸೀಟು ನಿಜವಾಗಿಯೂ ಸಿಕ್ಕಿತ್ತು.

ಅಂಟಿಕೊಂಡದ್ದು ಯಾವ ಹಾಳೆಗಳೋ ನೆನಪಿಲ್ಲ. ಪ್ರೋಗ್ರಾಮು ಸಾಯುವಾಗ ಕರ್ನೆಲ್ ಏನು ಮಾಡುತ್ತದೆ ಎಂಬ ಭಾಗದ ಹಾಳೆಗಳೇ ಎಂದು ಬರೆದರೆ ಚೆಂದ ಕಾಣುತ್ತದೆ. ಬರೆಯುವುದಿಲ್ಲ. ಜೊತೆಗಾತಿಯನ್ನು ಈಚೆಗೆ ಕೇಳಿದರೆ, ಬೆಲ್ಲವೇ ಅಲ್ಲ, ಸೀಮೆಎಣ್ಣೆ ಎನ್ನುತ್ತಾಳೆ. ಸೀಮೆಎಣ್ಣೆ ಅಂಟುವುದಿಲ್ಲ. ನನ್ನ ಬೆರಳುಗಳಿಗೆ ಅಂಟು ನೆನಪಿದೆ. ಬೆರಳನ್ನು ಎಷ್ಟು ನಂಬಬಹುದೋ ಗೊತ್ತಿಲ್ಲ.

ಅವಳ ಮನೆಯ ಜಗಲಿಯಲ್ಲಿ ಒದ್ದೆ ಬಟ್ಟೆಯಿಂದ ಹಾಳೆ ಒರೆಸುತ್ತಾ ಹೇಳಿದೆ: "ನಿನ್ನ ಪ್ರಾಜೆಕ್ಟೇ ಮಾಡೋಣ. ಆದ್ರೆ ಹೊತ್ತಾಯ್ತು ಅಂತ ಕೀಳೋದು ಬೇಡ. ಸತ್ತವನ ಗುರುತು ಮಾತ್ರ ತೆಗೆಯೋಣ."

"ಬದುಕಿದ್ದೂ ಬಿಡದೇ ಕೂತವ?"

"ಅವನದ್ದು ಮುಟ್ಟೋದು ಬೇಡ. ಉಳಿದವ್ರು ಕಾಯ್ಲಿ."

"ನಿನ್ನಂಥೋರು ಕರ್ನೆಲ್ ಬರೆದ್ರೆ ಊರಿಗೆ ಊರೇ ನಿಂತ್ಕೊಂಡು ಹೋಗ್ಬೇಕು, ಅಷ್ಟೇ" ಎಂದು ಹಣೆ ಚಚ್ಚಿಕೊಂಡಳು. ಆಮೇಲೆ ನನ್ನ ಕೈಯಿಂದ ಒದ್ದೆ ಬಟ್ಟೆ ಕಸಿದುಕೊಂಡಳು. "ಆಯ್ತು. ಆ ಟಾಪ್ ಮೇಲಿನವ ನಂಗೂ ಕಂಡಿರ್ಲಿಲ್ಲ ಬಿಡು."

ರಜೆ ಮುಗಿದು ಹೋದಾಗ ಸರ್ ಇದನ್ನು ಕೇಳಿ ಆಗಲಿ ಎಂದು ತಲೆಯಾಡಿಸಿದರು. ಬರೆಯಬೇಕಾದ ಸಾಲುಗಳು ಹೆಚ್ಚಿರಲಿಲ್ಲ. ಪ್ರೋಗ್ರಾಮು ಸಾಯುವಾಗ ಕರ್ನೆಲ್ ಅದರ ಜಾಗವನ್ನು ಹಿಂದಕ್ಕೆ ಪಡೆಯುತ್ತದೆ. ಅಲ್ಲೇ ಅದರ ಹೆಸರಿನ ಗುರುತನ್ನೂ ಅಳಿಸಬೇಕು. ನಾನು ಆ ಸಾಲುಗಳನ್ನು ಓದಿ ಓದಿ, ಕೊನೆಗೆ ಅವು ಯಾವ ಭಾಷೆಯವೆಂದೇ ತಿಳಿಯದಂತಾಯಿತು.

ತೋರಿಸುವ ದಿನ ಸರ್ ಲ್ಯಾಬಿನಲ್ಲಿ ಕೂಗಿದರು: "ಎಲ್ಲರೂ ನಿಮ್ಮ ಕೆಲಸ ಉಳಿಸಿ, ಟರ್ಮಿನಲ್ ಬಿಡಿ. ಇವರ ಕರ್ನೆಲ್ ಹಾಕ್ತೇವೆ." ಕುರ್ಚಿಗಳು ಕಿರುಗುಟ್ಟಿದವು. ಗೋಡೆಗೆ ಒರಗಿ ನಿಂತ ಒಬ್ಬ, "ನಮ್ಮ ಫೈಲೆಲ್ಲ ಗೋವಿಂದ" ಎಂದು ನನಗೆ ಕೇಳುವಷ್ಟೇ ಗಟ್ಟಿಯಾಗಿ ಹೇಳಿದ.

ಯಂತ್ರ ಆರಿತು. ಮತ್ತೆ ಹಚ್ಚಿದರು. ಪರದೆ ಕಪ್ಪಾಗಿತ್ತು.

ಆ ಕಪ್ಪು ಎಷ್ಟು ಹೊತ್ತು ಇತ್ತೋ. ಫ್ಯಾನಿನ ಸದ್ದಿತ್ತು. ಡಿಸ್ಕು ಕೆಡಿಸಿದ ಆ ಹುಡುಗ ಬಾಗಿಲಲ್ಲಿ ನಿಂತಿದ್ದ. ಅಬ್ಬಾ ಕೊನೆಯ ಹಲಗೆ ಕೈಯಲ್ಲಿ ಹಿಡಿದಿದ್ದರು. ದುವಾ ಓದಬೇಕೆಂದುಕೊಂಡರೆ ನಾಲಿಗೆಗೆ ಬಂದದ್ದು ಸ್ವಾಗತದ ಸಾಲು; ಅದನ್ನಾದರೂ ನಾನು ಮುಟ್ಟಿರಲಿಲ್ಲ.

ಆ ಸಾಲೇ ಬಂತು. ಹೆಸರು ಕೇಳುವ ಸಾಲೂ ಬಂತು. ಜೊತೆಗಾತಿ ಒಂದು ಟರ್ಮಿನಲ್ಲಿನಿಂದ ಪ್ರಿಂಟ್ ಕೊಟ್ಟು, ಆ ಪ್ರೋಗ್ರಾಮನ್ನು ನಡುವೆಯೇ ಕೊಂದಳು. ನಾನು ಇನ್ನೊಂದರಿಂದ ಪ್ರಿಂಟ್ ಕೊಟ್ಟೆ. ಪ್ರಿಂಟರ್ ಒಮ್ಮೆ ಗೊಣಗಿ ಕರಕರ ಎಂದು ಹೊಡೆಯತೊಡಗಿತು. ನನ್ನ ಮುಷ್ಟಿಯಲ್ಲಿದ್ದ ದುಪಟ್ಟಾದ ತುದಿ ಒದ್ದೆಯಾಗಿತ್ತು.

"ಚೆನ್ನಾಗಿದೆ" ಎಂದರು ಸರ್. "ಹಳೇದನ್ನು ವಾಪಸ್ ಹಾಕೋದು ಬೇಡ. ಇನ್ನು ಮೇಲೆ ಎಲ್ಲರಿಗೂ ಇದೇ ಇರಲಿ."

ಜೊತೆಗಾತಿ ನನ್ನ ಬೆನ್ನಿಗೆ ಗುದ್ದಿದಳು. ನನಗೆ ಕೇಳಿದ್ದು ಎಲ್ಲರಿಗೂ ಎಂಬುದೊಂದೇ. ಅಂದಿನಿಂದ ಯಾವುದೇ ಟರ್ಮಿನಲ್ ನಿಂತರೂ ಯಾರಾದರೂ ನನ್ನ ಕಡೆ ತಿರುಗುತ್ತಿದ್ದರು: "ನಿಮ್ದೇ ಇರ್ಬೇಕು ನೋಡಿ." ತಪ್ಪು ನಮ್ಮದಾಗಿರುತ್ತಿರಲಿಲ್ಲ. ನಾನು ಮಾತ್ರ ಪ್ರತಿ ಸಲವೂ ನಂಬಿದೆ.

ಪಾಸಾದೆ. ಸುದ್ದಿ ಹೇಳಲು ಅಂಗಡಿಗೆ ಹೋದಾಗ ಅಬ್ಬಾ ಒಂದು ಮಿಷನ್ನಿಗೆ ಎಣ್ಣೆ ಬಿಟ್ಟು ಚಕ್ರ ತಿರುಗಿಸುತ್ತಿದ್ದರು. "ಹಾಗಾದ್ರೆ ಮುಂದಿನ ವರ್ಷಕ್ಕೆ ಹೋಗ್ಬೇಕು ನೀನು" ಎಂದರು, ತಲೆ ಎತ್ತದೆ. ಆಮೇಲೆ ನನ್ನ ಮುಖ ನೋಡಿ, "ಪಾಸಾಯ್ತಲ್ಲ, ಇನ್ನೆಂಥ ಹೆದ್ರಿಕೆ?" ಎಂದರು.

ಮಧ್ಯಾಹ್ನವಾಗಿತ್ತು. ಆ ಹೊತ್ತಿಗೆ ಲ್ಯಾಬು ತೆರೆದಿರುತ್ತದೆ, ನಮ್ಮ ಕರ್ನೆಲ್ಲನ್ನು ನಂಬಿ ಯಾರೋ ಪ್ರಿಂಟ್ ಕೊಟ್ಟಿರುತ್ತಾರೆ ಎಂದು ನಾನು ಯೋಚಿಸುತ್ತಿದ್ದೆ.